ಕಿವಿಯ ಸುಳ್ಳು, ಮುಳ್ಳಿನ ನಿಜ

ಅಪ್ಪಾಲೆ ತಿಪ್ಪಾಲೆ ಆಡಿದವರಿಗೆಲ್ಲ ಈ ಅನುಭವ ಗೊತ್ತು. ಇಬ್ಬರು ಮಕ್ಕಳು ಕೈಕೈ ಹಿಡಿದು ಗಿರಗಿರನೆ ಸುತ್ತಿ ಗಕ್ಕನೆ ನಿಂತಾಗ ಕಾಲು ನಿಂತಿರುತ್ತದೆ, ಅಂಗಳ ನಿಂತಿರುವುದಿಲ್ಲ. ತೆಂಗಿನ ಮರ, ಬಾವಿಕಟ್ಟೆ, ಜಗುಲಿಯ ಮೇಲೆ ಕುಳಿತ ಅಜ್ಜಿ ಎಲ್ಲವೂ ಸುತ್ತತೊಡಗುತ್ತವೆ. ಮಕ್ಕಳಿಗೆ ಆಟದ ಸ್ವಾರಸ್ಯ ಇರುವುದೇ ಇದರಲ್ಲಿ. ಬಿದ್ದರೂ ಬೀಳುವುದು ಮಣ್ಣಿನ ಮೇಲೆ. ಸ್ವಲ್ಪ ಹೊತ್ತಿನಲ್ಲೇ ಲೋಕ ತನ್ನ ಜಾಗಕ್ಕೆ ಮರಳುತ್ತದೆ.

ಇದೇ ಭ್ರಮೆ ನೆಲದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ, ಮೋಡದೊಳಗೆ ಸಿಕ್ಕಿಕೊಂಡ ಪುಟ್ಟ ವಿಮಾನದ ಚಾಲಕನನ್ನು ಹಿಡಿದರೆ ಅದು ಆಟವಾಗಿ ಉಳಿಯುವುದಿಲ್ಲ. ಎಂಜಿನ್ ಸರಿಯಾಗಿದೆ, ರೆಕ್ಕೆ ಗಟ್ಟಿಯಾಗಿದೆ, ಇಂಧನ ಬೇಕಾದಷ್ಟಿದೆ. ಆದರೂ ಕೆಲವೇ ನಿಮಿಷಗಳಲ್ಲಿ ವಿಮಾನ ನೆಲಕ್ಕೆ ಅಪ್ಪಳಿಸಬಹುದು. ಕನ್ನಡದಲ್ಲಿ 'ದಿಗ್ಭ್ರಮೆ' ಎಂಬ ಮಾತನ್ನು ನಾವು ಬೆರಗು, ಆಘಾತ ಎಂಬ ಅರ್ಥದಲ್ಲಿ ಬಳಸುತ್ತೇವೆ. ದಿಕ್ಕಿನ ವಿಷಯದಲ್ಲಿ ಉಂಟಾಗುವ ಭ್ರಮೆ ಎಂಬುದು ಆ ಪದದ ನೇರ ಅರ್ಥ. ವೈಮಾನಿಕರನ್ನು ನೂರು ವರ್ಷಗಳಿಂದ ಕಾಡುತ್ತಿರುವುದು ಈ ನೇರ ಅರ್ಥದ ದಿಗ್ಭ್ರಮೆಯೇ.

ಇದನ್ನು ಗೆಲ್ಲಲು ಮನುಷ್ಯ ಕಂಡುಕೊಂಡ ದಾರಿ ವಿಚಿತ್ರವಾದದ್ದು. ತನ್ನ ಮೈ ಹೇಳುವುದನ್ನು ನಂಬಬಾರದು, ಗಾಜಿನ ಹಿಂದಿನ ಮುಳ್ಳು ಹೇಳುವುದನ್ನೇ ನಂಬಬೇಕು ಎಂದು ಅವನು ತನಗೆ ತಾನೇ ಕಲಿಸಿಕೊಳ್ಳಬೇಕಾಯಿತು. ಹಾಗೆ ಕಲಿತದ್ದು ಒಮ್ಮೆ ಕಲಿತರೆ ಉಳಿಯುವ ವಿದ್ಯೆಯಲ್ಲ, ಬಿಟ್ಟರೆ ಬಿಟ್ಟುಹೋಗುವ ವಿದ್ಯೆ ಎಂಬುದು ಅನೇಕ ಜೀವಗಳು ಹೋದ ಮೇಲೆ ಅರಿವಾಯಿತು.

ಕಿವಿಯೊಳಗಿನ ನೀರು

ಕಿವಿ ಕೇಳುವುದಕ್ಕೆ ಮಾತ್ರ ಇರುವ ಅಂಗವಲ್ಲ. ಒಳಕಿವಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಪುಟ್ಟ ಅರ್ಧವೃತ್ತದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಒಳಗಿನ ದ್ರವ ಮಾತ್ರ ಕ್ಷಣಕಾಲ ಹಿಂದುಳಿಯುತ್ತದೆ. ಈ ಅಂತರವನ್ನು ಅಲ್ಲಿರುವ ಸೂಕ್ಷ್ಮ ರೋಮಗಳು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ನೆಲದ ಮೇಲೆ ನಡೆಯುವ, ಓಡುವ, ಮರ ಹತ್ತುವ ಪ್ರಾಣಿಗೆ ಇಷ್ಟು ವ್ಯವಸ್ಥೆ ಸಾಕು.

ಆದರೆ ಒಂದೇ ವೇಗದಲ್ಲಿ ಸುತ್ತುತ್ತಲೇ ಇದ್ದರೆ ಏನಾಗುತ್ತದೆ? ಸುಮಾರು ಇಪ್ಪತ್ತು ಸೆಕೆಂಡುಗಳೊಳಗೆ ದ್ರವ ನಾಳದ ವೇಗವನ್ನು ಹಿಡಿದುಬಿಡುತ್ತದೆ. ಅಂತರವಿಲ್ಲವಾದ್ದರಿಂದ ರೋಮಗಳು ಸುಮ್ಮನಾಗುತ್ತವೆ. ಮೈ ಸುತ್ತುತ್ತಿದ್ದರೂ 'ನೀನು ನೇರವಾಗಿದ್ದೀಯೆ' ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಸುತ್ತುವುದು ನಿಂತಾಗ ದ್ರವ ಹರಿಯುತ್ತಲೇ ಇರುವುದರಿಂದ 'ಎದುರು ದಿಕ್ಕಿಗೆ ತಿರುಗುತ್ತಿದ್ದೀಯೆ' ಎಂಬ ಎರಡನೆಯ ಸುಳ್ಳು ಹುಟ್ಟುತ್ತದೆ. ತೀರಾ ನಿಧಾನವಾಗಿ ಆರಂಭವಾದ ತಿರುವಂತೂ ಕಿವಿಯ ಗಮನಕ್ಕೇ ಬರುವುದಿಲ್ಲ.

ಬಯಲಿನಲ್ಲಿ, ಹಗಲಿನಲ್ಲಿ ಹಾರುವವನಿಗೆ ಇದರಿಂದ ತೊಂದರೆಯಿಲ್ಲ. ಬಾನು ಭೂಮಿ ಕೂಡುವ ಗೆರೆ ಕಣ್ಣೆದುರಿಗಿದ್ದರೆ ಕಿವಿಯ ಸುಳ್ಳನ್ನು ಕಣ್ಣು ತಿದ್ದುತ್ತದೆ. ಮೋಡ, ಮಂಜು, ಕಗ್ಗತ್ತಲೆ ಆ ಗೆರೆಯನ್ನು ಅಳಿಸಿದಾಗ ತಿದ್ದುವವರು ಯಾರೂ ಉಳಿಯುವುದಿಲ್ಲ. ಆಗ ನಡೆಯುವುದು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ. ಒಂದು ರೆಕ್ಕೆ ಗೊತ್ತಾಗದಷ್ಟು ನಿಧಾನವಾಗಿ ವಾಲುತ್ತದೆ. ವಾಲಿದ ಕಡೆಗೆ ವಿಮಾನ ತಿರುಗತೊಡಗುತ್ತದೆ, ಮೂತಿ ಕೆಳಗಾಗುತ್ತದೆ, ವೇಗ ಏರುತ್ತದೆ. ಗಾಳಿಯ ಸದ್ದು ಹೆಚ್ಚಾದದ್ದನ್ನು, ಎತ್ತರ ಕಡಿಮೆಯಾಗುತ್ತಿರುವುದನ್ನು ಚಾಲಕ ಗಮನಿಸುತ್ತಾನೆ. ತಾನು ನೇರವಾಗಿಯೇ ಇಳಿಯುತ್ತಿದ್ದೇನೆಂದು ನಂಬಿ ಮೂತಿ ಎತ್ತಲು ಹಿಡಿಯನ್ನು ಎಳೆಯುತ್ತಾನೆ. ರೆಕ್ಕೆ ವಾಲಿರುವುದರಿಂದ ಆ ಎಳೆತ ವಿಮಾನವನ್ನು ಮೇಲೆತ್ತದೆ ತಿರುವನ್ನೇ ಬಿಗಿಗೊಳಿಸುತ್ತದೆ. ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ. ವೈಮಾನಿಕರು ಇದನ್ನು ಸ್ಮಶಾನದ ಸುರುಳಿ ಎಂದು ಕರೆಯುತ್ತಾರೆ. ಮೊದಲು ರೆಕ್ಕೆ ಸಮ ಮಾಡಿ ಆಮೇಲೆ ಮೂತಿ ಎತ್ತಿದ್ದರೆ ಬದುಕುತ್ತಿದ್ದ. ಆದರೆ ರೆಕ್ಕೆ ವಾಲಿದೆ ಎಂದು ಅವನಿಗೆ ಹೇಳುವವರು ಯಾರು?

ಕುರ್ಚಿ ಮತ್ತು ಪಾರಿವಾಳ

ಆರಂಭದ ವೈಮಾನಿಕರು ಈ ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿದಿರಲಿಲ್ಲ. ಒಳ್ಳೆಯ ಪೈಲಟ್ ಎಂದರೆ ವಿಮಾನದ ಓಲಾಟವನ್ನು ಕುಳಿತ ಸೀಟಿನಿಂದಲೇ ಅರಿಯಬಲ್ಲವನು ಎಂಬುದು ಅವರ ದೃಢ ನಂಬಿಕೆ. ಮೋಡದಲ್ಲಿ ದಿಕ್ಕು ತಪ್ಪುವುದು ಕೌಶಲ ಇಲ್ಲದವರ ಪಾಡು ಎಂದೇ ಎಣಿಕೆ. ಆದರೆ ನುರಿತವರೂ ಮಬ್ಬಿನಲ್ಲಿ ಕಳೆದುಹೋಗುತ್ತಿದ್ದರು. ಅಮೆರಿಕದ ಲಾರೆನ್ಸ್ ಸ್ಪೆರಿ 1914ರಲ್ಲಿ ಪ್ಯಾರಿಸ್ಸಿನಲ್ಲಿ, ತಾನೇ ಸಮತೋಲ ಕಾಯ್ದುಕೊಳ್ಳುವ ವಿಮಾನದಲ್ಲಿ ಎರಡೂ ಕೈ ಮೇಲೆತ್ತಿ ಹಾರಿ ಜನರನ್ನು ಬೆರಗುಗೊಳಿಸಿದ ಯುವಕ. 1923ರ ಡಿಸೆಂಬರಿನಲ್ಲಿ ಮಂಜು ಕವಿದಿದ್ದ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಹೊರಟ ಅವನು ಮರಳಲಿಲ್ಲ. ಚಾರ್ಲ್ಸ್ ಲಿಂಡ್‌ಬರ್ಗ್ ಅಂಚೆ ವಿಮಾನ ನಡೆಸುತ್ತಿದ್ದಾಗ 1926ರ ಒಂದೇ ವರ್ಷದಲ್ಲಿ ಎರಡು ಸಲ ಕೆಟ್ಟ ಹವೆಯಲ್ಲಿ ಸಿಕ್ಕಿ, ವಿಮಾನ ಬಿಟ್ಟು ಪ್ಯಾರಾಚೂಟ್ ಹಿಡಿದು ಜಿಗಿಯಬೇಕಾಯಿತು.

ಅದೇ 1926ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡಿನಲ್ಲಿ ವಿಲಿಯಂ ಆಕರ್ ಎಂಬ ಸೇನಾ ವೈಮಾನಿಕ ವೈದ್ಯಕೀಯ ಪರೀಕ್ಷೆಗೆ ಹೋದ. ಬಹಳ ವರ್ಷಗಳ ಅನುಭವವಿದ್ದ ಪೈಲಟ್ ಅವನು. ಡೇವಿಡ್ ಮೈಯರ್ಸ್ ಎಂಬ ಸೇನಾ ವೈದ್ಯ ಅವನನ್ನು ಗಿರಕಿ ಹೊಡೆಯುವ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ ತಿರುಗಿಸಿದ. ಕಿವಿಯ ಸಮತೋಲದ ಬಗ್ಗೆ ಸಂಶೋಧಿಸಿ 1914ರ ನೊಬೆಲ್ ಬಹುಮಾನ ಪಡೆದ ರಾಬರ್ಟ್ ಬಾರಾನಿಯ ಹೆಸರು ಹೊತ್ತ ಕುರ್ಚಿ ಅದು. ಯಾವ ಕಡೆಗೆ ತಿರುಗುತ್ತಿದ್ದೀಯೆ ಎಂದು ಕೇಳಿದರೆ ಆಕರ್ ಮೊದಲು ಸರಿಯಾಗಿಯೇ ಹೇಳಿದ. ಕುರ್ಚಿಯ ವೇಗ ಕುಗ್ಗಿದಾಗ ನಿಂತಿದೆ ಎಂದ. ನಿಂತಾಗ ಎದುರು ದಿಕ್ಕಿಗೆ ತಿರುಗುತ್ತಿದೆ ಎಂದ. ಕಣ್ಣು ಬಿಟ್ಟು ನೋಡಿ ದಂಗಾದ.

ಬೇರೆಯವರಾಗಿದ್ದರೆ ಅವಮಾನವೆಂದು ಮರೆತುಬಿಡುತ್ತಿದ್ದರೇನೋ. ಆಕರ್ ಹಾಗೆ ಮಾಡಲಿಲ್ಲ. ಬೆಳಕಿಲ್ಲದ ಒಂದು ಪೆಟ್ಟಿಗೆಯೊಳಗೆ ವಿಮಾನದ ತಿರುವುಸೂಚಕವನ್ನು ಅಳವಡಿಸಿ, ಅದರೊಳಕ್ಕೆ ಮಾತ್ರ ಕಣ್ಣಿಟ್ಟು ಮತ್ತೆ ಆ ಕುರ್ಚಿಯಲ್ಲಿ ಕುಳಿತ. ಈ ಸಲ ಎಷ್ಟು ತಿರುಗಿಸಿದರೂ ಅವನ ಉತ್ತರ ತಪ್ಪಲಿಲ್ಲ. ಮೈಯ ಮಾತನ್ನು ಬದಿಗಿಟ್ಟು ಮುಳ್ಳಿನ ಮಾತನ್ನಷ್ಟೇ ಹೇಳಿದ್ದ. ಕುರುಡು ಹಾರಾಟ ಎಂದು ಆ ಕಾಲದಲ್ಲಿ ಹೆಸರಾದ ವಿದ್ಯೆಯ ತಿರುಳು ಆ ಪೆಟ್ಟಿಗೆಯಲ್ಲಿತ್ತು.

ಆಕರ್ ಮುಂದೆ ಕಾರ್ಲ್ ಕ್ರೇನ್ ಎಂಬ ಇನ್ನೊಬ್ಬ ಅಧಿಕಾರಿಯ ಜೊತೆ ಸೇರಿ ಈ ವಿಷಯವನ್ನೇ ಹಿಡಿದು ಕೂತ. ಹಕ್ಕಿಗಳಿಗೆ ಹಾರುವ ಗುಣ ಹುಟ್ಟಿನಿಂದ ಬಂದದ್ದು, ಅವು ಮೋಡದಲ್ಲೂ ದಾರಿ ತಪ್ಪುವುದಿಲ್ಲ ಎಂಬ ವಾದವನ್ನು ಪರೀಕ್ಷಿಸಲು ಅವರು ಪಾರಿವಾಳಗಳ ಕಣ್ಣು ಕಟ್ಟಿ ವಿಮಾನದಿಂದ ಬಿಟ್ಟರು. ಕಣ್ಣು ಕಟ್ಟಿದ ಪಾರಿವಾಳ ಹಾರಲು ಹೆಣಗಿ ಸೋತು, ರೆಕ್ಕೆ ಚಾಚಿ ಸುಮ್ಮನೆ ನೆಲದತ್ತ ಇಳಿಯಿತು. ಹಕ್ಕಿಗೂ ಬಾನಂಚು ಬೇಕು ಎಂದಾಯಿತು. 1930ರಲ್ಲಿ ಆಕರ್ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಹೊರಗೇನನ್ನೂ ನೋಡದೆ ಟೆಕ್ಸಾಸಿನಿಂದ ಇಲಿನಾಯ್‌ವರೆಗೆ ಸುಮಾರು 900 ಮೈಲಿ ಹಾರಿದ. 1932ರಲ್ಲಿ ಇಬ್ಬರೂ ಸೇರಿ ಕುರುಡು ಹಾರಾಟದ ಬಗ್ಗೆ ಪಠ್ಯಪುಸ್ತಕ ಪ್ರಕಟಿಸಿದರು.

ಬುಗುರಿಯ ಗುಣ

ಆ ಮುಳ್ಳುಗಳ ಹಿಂದೆ ಇರುವುದು ನಮಗೆ ಗೊತ್ತಿರುವ ಬುಗುರಿಯೇ. ವೇಗವಾಗಿ ತಿರುಗುವ ಬುಗುರಿ ತನ್ನ ಅಚ್ಚನ್ನು ನೆಟ್ಟಗೆ ಇಟ್ಟುಕೊಳ್ಳುತ್ತದೆ. ಅಂಥ ಒಂದು ಚಕ್ರವನ್ನು ಎಲ್ಲ ಕಡೆಗೂ ಬಾಗಬಲ್ಲ ಚೌಕಟ್ಟಿನಲ್ಲಿ ಕೂರಿಸಿದರೆ, ಸುತ್ತಲಿನ ವಿಮಾನ ಎಷ್ಟೇ ಓಲಾಡಲಿ, ಚಕ್ರ ತನ್ನ ನಿಲುವನ್ನು ಬಿಡುವುದಿಲ್ಲ. ಅದಕ್ಕೆ ಒಂದು ಅಡ್ಡಗೆರೆಯನ್ನು ಜೋಡಿಸಿದರೆ ಚಾಲಕನ ಮುಂದೆ ಅಂಗೈಯಗಲದ ದಿಗಂತವೊಂದು ಸಿದ್ಧವಾಗುತ್ತದೆ. ಹೊರಗೆ ಅಳಿಸಿಹೋದ ಗೆರೆ ಒಳಗೆ ಕಾಣಿಸುತ್ತದೆ. ಇದೇ ಕೃತಕ ದಿಗಂತ.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮಿಚೆಲ್ ಫೀಲ್ಡಿನಲ್ಲಿ ಇದರ ಪರೀಕ್ಷೆ ನಡೆಯಿತು. ಗುಗೆನ್‌ಹೈಮ್ ನಿಧಿಯ ಹಣದಲ್ಲಿ ಏರ್ಪಾಡಾದ ಪ್ರಯೋಗ ಅದು. ಜಿಮ್ಮಿ ಡೂಲಿಟ್ಲ್ ಎಂಬ ಸೇನಾ ವೈಮಾನಿಕ ಎರಡು ಸೀಟಿನ ವಿಮಾನದಲ್ಲಿ ಕ್ಯಾನ್ವಾಸಿನ ಮುಸುಕಿನೊಳಗೆ ಕುಳಿತ. ಸಾಹಸಿಯೆಂದು ಹೆಸರಾಗಿದ್ದ ಡೂಲಿಟ್ಲ್ ವಿಮಾನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನೂ ಆಗಿದ್ದ. ಅವನ ಮುಂದೆ ಸ್ಪೆರಿ ಕಂಪನಿಯ ಕೃತಕ ದಿಗಂತ, ದಿಕ್ಕು ತೋರಿಸುವ ಬುಗುರಿ, ಪಾಲ್ ಕೋಲ್ಸ್‌ಮನ್ ತಯಾರಿಸಿದ ಎತ್ತರಮಾಪಕ, ನೆಲದ ಮೇಲಿನ ರೇಡಿಯೊ ಸಂಕೇತವನ್ನು ಹಿಡಿದು ತೋರಿಸುವ ಸಾಧನ ಇದ್ದವು. ಮತ್ತೊಂದು ಸೀಟಿನಲ್ಲಿ ಕುಳಿತಿದ್ದ ಬೆನ್ ಕೆಲ್ಸಿ ಅಪಾಯದ ಹೊತ್ತಿಗೆಂದು ಇದ್ದವನು. ಅವನು ನೋಡುವವರಿಗೆ ಕಾಣುವಂತೆ ಕೈಗಳನ್ನು ಹೊರಗಿಟ್ಟುಕೊಂಡಿದ್ದ. ಡೂಲಿಟ್ಲ್ ಏರಿದ, ಸುತ್ತಿದ, ಸುಮಾರು ಹದಿನೈದು ನಿಮಿಷದ ಬಳಿಕ ಅದೇ ಮೈದಾನದಲ್ಲಿ ಇಳಿದ. ಏರುವುದರಿಂದ ಇಳಿಯುವವರೆಗೆ ಹೊರಗಣ ಲೋಕವನ್ನು ನೋಡದೆ ಪೂರೈಸಿದ ಮೊದಲ ಹಾರಾಟ ಅದು.

ತಿದಿಯ ಮೇಲೆ ಕುಳಿತ ವಿಮಾನ

ಉಪಕರಣ ಸಿಕ್ಕಿತು. ಅದನ್ನು ನಂಬುವ ಅಭ್ಯಾಸ ಸಿಕ್ಕಿರಲಿಲ್ಲ. ಆ ಅಭ್ಯಾಸಕ್ಕೆ ದಾರಿ ತೋರಿದ್ದು ಒಂದು ವಾದ್ಯದ ಕಾರ್ಖಾನೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕನ ತಂದೆ ಆರ್ಗನ್ ಹಾಗೂ ತಾನೇ ನುಡಿಯುವ ಪಿಯಾನೊಗಳನ್ನು ತಯಾರಿಸುತ್ತಿದ್ದ. ಹಾರ್ಮೋನಿಯಂನಲ್ಲಿರುವಂಥ ತಿದಿಗಳು, ಗಾಳಿಯ ಕೊಳವೆಗಳು ಮಗನಿಗೆ ಚಿಕ್ಕಂದಿನಿಂದ ಕೈಗೆ ಪಳಗಿದ ವಸ್ತುಗಳು. ವಿಮಾನ ಕಲಿಯಲು ತಗಲುವ ಖರ್ಚು ಕಂಡು ಬೇಸತ್ತಿದ್ದ ಅವನು, ಮೋಟುರೆಕ್ಕೆಯ ಗೊಂಬೆ ವಿಮಾನವೊಂದನ್ನು ತಿದಿಗಳ ಮೇಲೆ ಕೂರಿಸಿದ. ಒಳಗೆ ಕುಳಿತವನು ಹಿಡಿ ಆಡಿಸಿದಂತೆ ತಿದಿಗಳು ಉಬ್ಬಿ ಕುಗ್ಗಿ ಅದು ವಾಲುತ್ತಿತ್ತು, ತಿರುಗುತ್ತಿತ್ತು, ಮೂತಿ ಎತ್ತುತ್ತಿತ್ತು. 1929ರಲ್ಲಿ ಸಿದ್ಧವಾದ ಈ ಯಂತ್ರವನ್ನು ಹಾರಾಟದ ಶಾಲೆಗಳು ಮೂಸಿ ನೋಡಲಿಲ್ಲ. ಜಾತ್ರೆಯ ತೊಟ್ಟಿಲಿನಂತೆ ಅದು ಮನರಂಜನೆಯ ಪಾರ್ಕುಗಳಿಗೆ ಮಾರಾಟವಾಯಿತು.

ಅದರ ಬೆಲೆ ತಿಳಿದದ್ದು 1934ರಲ್ಲಿ. ಆ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಖಾಸಗಿ ಕಂಪನಿಗಳ ಅಂಚೆ ಗುತ್ತಿಗೆಯನ್ನು ರದ್ದುಪಡಿಸಿ ಕೆಲಸವನ್ನು ಸೇನೆಯ ವಿಮಾನದಳಕ್ಕೆ ಒಪ್ಪಿಸಿದರು. ಚಳಿಗಾಲದ ಹಿಮ, ಮಂಜು, ಕತ್ತಲೆ. ಹಗಲಿನಲ್ಲಿ, ತಿಳಿಯಾದ ಹವೆಯಲ್ಲಿ ಹಾರಿ ರೂಢಿಯಿದ್ದ ಸೇನಾ ಪೈಲಟ್‌ಗಳು ಒಬ್ಬರ ಹಿಂದೊಬ್ಬರಂತೆ ಅಪಘಾತಕ್ಕೀಡಾದರು. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರು ಧೈರ್ಯಗೇಡಿಗಳೂ ಅಲ್ಲ, ಹಾರಲು ಬಾರದವರೂ ಅಲ್ಲ. ಮುಳ್ಳು ನೋಡಿ ಹಾರುವ ಅಭ್ಯಾಸ ಅವರಲ್ಲಿ ಹಲವರಿಗೆ ಇರಲಿಲ್ಲ, ಅಷ್ಟೆ. ಸೇನೆ ಆ ವರ್ಷವೇ ಲಿಂಕನಿಂದ ಆರು ಯಂತ್ರಗಳನ್ನು ಕೊಂಡಿತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ನೀಲಿ ಬಣ್ಣದ ಆ ಪೆಟ್ಟಿಗೆ ಪೈಲಟ್‌ಗಳ ಪಾಠಶಾಲೆಯೇ ಆಯಿತು. ಸಾವಿರಾರು ಯಂತ್ರಗಳು ತಯಾರಾದವು, ಲಕ್ಷಾಂತರ ಮಂದಿ ಅದರೊಳಗೆ ಕುಳಿತರು. ಮುಚ್ಚಳ ಹಾಕಿಕೊಂಡು ಕತ್ತಲೆಯಲ್ಲಿ ಮುಳ್ಳು ನೋಡುತ್ತ ಶಿಷ್ಯ 'ಹಾರಿದರೆ', ಹೊರಗೆ ಗುರುವಿನ ಮೇಜಿನ ಮೇಲೆ ಏಡಿಯಂಥ ಪುಟ್ಟ ಸಾಧನವೊಂದು ಅವನ ದಾರಿಯನ್ನು ನಕ್ಷೆಯ ಮೇಲೆ ಶಾಯಿಯಲ್ಲಿ ಬರೆಯುತ್ತಿತ್ತು. ಬೆಟ್ಟಕ್ಕೆ ಗುದ್ದಿದರೂ ಪೆಟ್ಟಾಗುತ್ತಿರಲಿಲ್ಲ, ನಾಚಿಕೆ ಮಾತ್ರ.

178 ಸೆಕೆಂಡು

ಯುದ್ಧಾನಂತರದ ಅಮೆರಿಕದಲ್ಲಿ ಸಣ್ಣ ವಿಮಾನ ಉಳ್ಳವರ ವಾಹನವಾಯಿತು. ವೈದ್ಯರು, ವ್ಯಾಪಾರಿಗಳು, ಜಮೀನುದಾರರು ರಜಾದಿನದ ಲೈಸೆನ್ಸ್ ಪಡೆದು ಹಾರತೊಡಗಿದರು. ಇಂಥವರು ಆಕಸ್ಮಿಕವಾಗಿ ಮೋಡ ಹೊಕ್ಕರೆ ಏನಾಗುತ್ತದೆ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಉಪಕರಣ ಹಾರಾಟದ ಅನುಭವವಿಲ್ಲದ 20 ಪೈಲಟ್‌ಗಳನ್ನು ಆರಿಸಿ, ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ, ಶಿಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೋಡದಲ್ಲಿರುವಂತೆ ಹೊರನೋಟವನ್ನು ಮರೆಮಾಡಿ ಹಾರಿಸಿದರು.

ಇಪ್ಪತ್ತಕ್ಕೆ ಇಪ್ಪತ್ತು ಮಂದಿಯೂ ವಿಮಾನದ ಮೇಲಿನ ಹಿಡಿತ ಕಳೆದುಕೊಂಡರು. ಹತ್ತೊಂಬತ್ತು ಮಂದಿ ಸ್ಮಶಾನದ ಸುರುಳಿಗೆ ಬಿದ್ದರು. ಎಲ್ಲರಿಗಿಂತ ಮೊದಲು ಕೈಚೆಲ್ಲಿದವನಿಗೆ 20 ಸೆಕೆಂಡು, ಕೊನೆಯವರೆಗೆ ತಾಳಿದವನಿಗೆ 480 ಸೆಕೆಂಡು. ಸರಾಸರಿ 178 ಸೆಕೆಂಡು, ಎಂದರೆ ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಜಗತ್ತಿನ ಹಾರಾಟದ ಶಾಲೆಗಳಲ್ಲಿ ಈ ಸಂಖ್ಯೆ ಇಂದಿಗೂ ಎಚ್ಚರಿಕೆಯ ಗಂಟೆ.

ಈ ಪ್ರಯೋಗದ ಎರಡನೆಯ ಅರ್ಧವನ್ನು ನೆನೆಯುವವರು ಕಡಿಮೆ. ಸಂಶೋಧಕರು ಅದೇ ಜನರಿಗೆ ಒಂದು ಸರಳ ಕ್ರಮವನ್ನು ಕಲಿಸಿದರು: ಮೋಡ ಹೊಕ್ಕ ಕೂಡಲೇ ವೇಗ ತಗ್ಗಿಸಿ, ಚಕ್ರ ಇಳಿಸಿ, ವಿಮಾನವನ್ನು ಅದರ ಪಾಡಿಗೆ ಸಮತೋಲದಲ್ಲಿ ಬಿಡುವುದು, ಹಿಡಿಯನ್ನು ಮುಟ್ಟದೆ, ತಿರುವುಸೂಚಕ ನೋಡುತ್ತ ಕಾಲಿನ ಪೆಡಲ್‌ನಿಂದಷ್ಟೇ ನಿಧಾನವಾಗಿ ಬಂದ ದಾರಿಗೆ ತಿರುಗುವುದು. ಕೆಲವೇ ಗಂಟೆಗಳ ಅಭ್ಯಾಸದ ಬಳಿಕ ಅವರು ಹೆಚ್ಚೂಕಡಿಮೆ ಎಲ್ಲ ಪರೀಕ್ಷೆಗಳಲ್ಲೂ ಸುರಕ್ಷಿತವಾಗಿ ಹೊರಬಂದರು. ಸಾವಿಗೂ ಬದುಕಿಗೂ ನಡುವೆ ಇದ್ದದ್ದು ಪ್ರತಿಭೆಯಲ್ಲ, ಕೆಲವು ಗಂಟೆಗಳ ತಾಲೀಮು.

ತಲುಪಲೇಬೇಕೆಂಬ ಹಟ

1959ರ ಫೆಬ್ರವರಿ 3ರ ನಡುರಾತ್ರಿ ದಾಟಿದ ಮೇಲೆ ಅಯೋವಾ ರಾಜ್ಯದ ಮೇಸನ್ ಸಿಟಿಯಿಂದ ಅಂಥದೇ ಒಂದು ಬೊನಾಂಜಾ ಹಾರಿತು. ಒಳಗೆ ಆ ದಿನಗಳ ಜನಪ್ರಿಯ ರಾಕ್ ಗಾಯಕರಾದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್ ಮತ್ತು ಜೆ. ಪಿ. ರಿಚರ್ಡ್‌ಸನ್. ಚಳಿಯಲ್ಲಿ ನಡುಗಿಸುತ್ತಿದ್ದ ಬಸ್ಸಿನ ಪ್ರಯಾಣ ಸಾಕಾಗಿ ವಿಮಾನ ಗೊತ್ತು ಮಾಡಿದ್ದರು. ಚಾಲಕ 21ರ ತರುಣ. ಹಿಮ ಬೀಳುತ್ತಿದ್ದ, ನಕ್ಷತ್ರವಾಗಲಿ ದೀಪವಾಗಲಿ ಕಾಣದ ರಾತ್ರಿ. ಏರಿದ ಕೆಲವೇ ನಿಮಿಷಗಳಲ್ಲಿ ವಿಮಾನ ಹೊಲವೊಂದಕ್ಕೆ ಅಪ್ಪಳಿಸಿತು, ನಾಲ್ವರೂ ಸತ್ತರು.

ತನಿಖೆಯಲ್ಲಿ ಹೊರಬಿದ್ದ ಸಂಗತಿಗಳು ಮನನೀಯ. ಚಾಲಕ ಉಪಕರಣ ಹಾರಾಟದ ಪಾಠ ಕಲಿತಿದ್ದ, ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಹವಾಮಾನ ಕೆಡಲಿದೆ ಎಂಬ ಮುಖ್ಯ ಎಚ್ಚರಿಕೆಗಳು ಅವನಿಗೆ ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ಪಾಠ ಕಲಿತ ವಿಮಾನಗಳಲ್ಲಿದ್ದ ಕೃತಕ ದಿಗಂತ ಒಂದು ಬಗೆಯದು, ಆ ರಾತ್ರಿ ಅವನೆದುರು ಇದ್ದದ್ದು ಇನ್ನೊಂದು ಬಗೆಯದು. ಮೂತಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಎರಡೂ ಒಂದಕ್ಕೊಂದು ವಿರುದ್ಧವಾದ ಕ್ರಮದಲ್ಲಿ ತೋರಿಸುತ್ತಿದ್ದವು. ಮುಳ್ಳು ನಿಜವನ್ನೇ ಹೇಳುತ್ತಿತ್ತು, ಅದರ ಭಾಷೆ ಚಾಲಕನಿಗೆ ರೂಢಿಯಾಗಿರಲಿಲ್ಲ.

ನಲವತ್ತು ವರ್ಷಗಳ ಬಳಿಕ, 1999ರ ಜುಲೈ 16ರ ಸಂಜೆ, ಹತ್ಯೆಗೀಡಾದ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ತನ್ನ ಪೈಪರ್ ಸರಟೋಗ ವಿಮಾನದಲ್ಲಿ ಹೆಂಡತಿ ಮತ್ತು ನಾದಿನಿಯನ್ನು ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟ. ಮರುದಿನ ಚಿಕ್ಕಪ್ಪನ ಮಗಳ ಮದುವೆ. ಅವನದು ಸುಮಾರು 310 ಗಂಟೆಗಳ ಹಾರಾಟದ ಅನುಭವ, ಅದರಲ್ಲಿ ಸುಮಾರು 55 ಗಂಟೆ ರಾತ್ರಿಯದು. ಆದರೆ ಈ ವಿಮಾನದಲ್ಲಿ ಶಿಕ್ಷಕ ಪಕ್ಕದಲ್ಲಿಲ್ಲದೆ ರಾತ್ರಿ ಹಾರಿದ್ದು ಒಂದು ಗಂಟೆಗೂ ಕಡಿಮೆ. ಕಾನೂನಿನ ಪ್ರಕಾರ ಆ ರಾತ್ರಿ ಹಾರಲು ಉಪಕರಣ ಹಾರಾಟದ ಲೈಸೆನ್ಸ್ ಅವನಿಗೆ ಬೇಕಿರಲಿಲ್ಲ, ಮೋಡವಿರಲಿಲ್ಲ. ಇದ್ದದ್ದು ಮಬ್ಬು, ಕೆಳಗೆ ಕಪ್ಪು ಕಡಲು, ಮೇಲೆ ಕಪ್ಪು ಬಾನು, ನಡುವೆ ಗೆರೆಯಿಲ್ಲ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪ ತಲುಪುವ ಮೊದಲೇ ವಿಮಾನ ಸುರುಳಿ ಸುತ್ತುತ್ತ ಸಮುದ್ರಕ್ಕೆ ಬಿತ್ತು. ತನಿಖಾ ಮಂಡಳಿ ಹೇಳಿದ ಕಾರಣ ಅದೇ ಹಳೆಯದು, ದಿಗ್ಭ್ರಮೆ. ವಿಮಾನದಲ್ಲಿ ಸ್ವಯಂಚಾಲಕ ವ್ಯವಸ್ಥೆಯೂ ಇತ್ತು.

ಎರಡೂ ಪ್ರಕರಣಗಳಲ್ಲಿ ಹೊರಡುವ ಮೊದಲೇ ಒಂದು ಒತ್ತಡ ಇತ್ತು. ಕಾದು ನಿಂತ ಪ್ರಯಾಣಿಕರು, ಮರುದಿನ ತಲುಪಲೇಬೇಕಾದ ಊರು. ಮೋಡ ಹೊಕ್ಕ ಮೇಲಿನ ಮೂರು ನಿಮಿಷಗಳಿಗಿಂತ, 'ಇಂದು ಬೇಡ, ನಾಳೆ ಹೋಗೋಣ' ಎನ್ನಲು ನೆಲದ ಮೇಲೆ ಸಿಗುವ ಮೂರು ನಿಮಿಷಗಳು ಹೆಚ್ಚು ಬೆಲೆಯುಳ್ಳವು ಎಂದು ಶಿಕ್ಷಕರು ಹೇಳುವುದು ಇದಕ್ಕೇ.

ಲೈಸೆನ್ಸ್ ಬೇರೆ, ಪಳಗಿದ ಕೈ ಬೇರೆ

ಮರೆಯುವ ವಿದ್ಯೆಗೆ ಕಾನೂನು ಒಂದು ಕನಿಷ್ಠ ಗೆರೆ ಎಳೆದಿದೆ. ಅಮೆರಿಕದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಪೈಲಟ್ ಹಿಂದಿನ 90 ದಿನಗಳಲ್ಲಿ ಮೂರು ಸಲವಾದರೂ ಏರಿ ಇಳಿದಿರಬೇಕು. ಎರಡು ವರ್ಷಕ್ಕೊಮ್ಮೆ ಶಿಕ್ಷಕರೊಡನೆ ಕುಳಿತು ಹಾರಾಟದ ಪುನರ್ವಿಮರ್ಶೆಗೆ ಒಳಗಾಗಬೇಕು. ಮೋಡದಲ್ಲಿ ಹಾರುವವರು ಆರು ತಿಂಗಳಲ್ಲಿ ಆರು ಸಲ ಉಪಕರಣಗಳನ್ನಷ್ಟೇ ನೆಚ್ಚಿ ನಿಲ್ದಾಣದತ್ತ ಇಳಿಯುವ ಅಭ್ಯಾಸ ಮಾಡಿರಬೇಕು. ಬೇರೆ ದೇಶಗಳಲ್ಲೂ ಇಂಥ ನಿಯಮಗಳಿವೆ.

ಆದರೆ ಇದು ಅರ್ಹತೆಯ ಲೆಕ್ಕ, ಪರಿಣತಿಯ ಅಳತೆಯಲ್ಲ. ತಿಳಿಬಿಸಿಲಿನಲ್ಲಿ ಪರಿಚಿತ ಮೈದಾನದ ಸುತ್ತ ಮೂರು ಸುತ್ತು ಹಾಕಿ ಪುಸ್ತಕದಲ್ಲಿ ಬರೆದುಕೊಂಡರೆ ಕಾನೂನು ತೃಪ್ತಿಗೊಳ್ಳುತ್ತದೆ, ಮೋಡ ತೃಪ್ತಿಗೊಳ್ಳುವುದಿಲ್ಲ. ಸೈಕಲ್ ತುಳಿಯುವುದನ್ನು ಕಾಲು ಮರೆಯದಂತೆ ವಿಮಾನ ಇಳಿಸುವುದನ್ನು ಕೈ ಬೇಗ ಮರೆಯುವುದಿಲ್ಲ. ಬೇಗ ಸವೆಯುವುದು ಕಣ್ಣಿನ ಕ್ರಮ. ಕೃತಕ ದಿಗಂತದಿಂದ ವೇಗಕ್ಕೆ, ಅಲ್ಲಿಂದ ಮತ್ತೆ ದಿಗಂತಕ್ಕೆ, ಅಲ್ಲಿಂದ ಎತ್ತರಕ್ಕೆ, ದಿಕ್ಕಿಗೆ, ಹೀಗೆ ಯಾವುದರ ಮೇಲೂ ನಿಲ್ಲದೆ ಸುತ್ತುತ್ತಿರಬೇಕಾದ ನೋಟ ಅದು. ಸಂಗೀತಗಾರ ದಿನವೂ ಸಾಧಕ ಮಾಡುವುದು ರಾಗ ಮರೆತಿರುವುದಕ್ಕಲ್ಲ. ಕಚೇರಿಯಲ್ಲಿ ಯೋಚಿಸದೆಯೇ ಸ್ವರ ಕೈಗೆ ಬರಬೇಕೆಂಬುದಕ್ಕೆ. ಮೋಡದಲ್ಲಿಯೂ ಯೋಚಿಸಿ ನೆನಪು ಮಾಡಿಕೊಳ್ಳುವಷ್ಟು ಬಿಡುವು ಇರುವುದಿಲ್ಲ.

ಈ ನೋಟದ ಜೊತೆಗೆ ಇನ್ನೊಂದು ಅರಿವು ಬೇಕು. ವಿಮಾನ ಈಗ ಎಲ್ಲಿದೆ, ಗಾಳಿ ಎತ್ತ, ಇಂಧನ ಎಷ್ಟು, ಮುಂದಿನ ಬೆಟ್ಟ ಎಷ್ಟೆತ್ತರ ಎಂಬ ಒಟ್ಟು ಚಿತ್ರ. ಅಮೆರಿಕದ ವಿದ್ವಾಂಸೆ ಮೈಕಾ ಎಂಡ್ಸ್‌ಲಿ 1995ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ಈ 'ಸನ್ನಿವೇಶದ ಅರಿವ'ನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದರು: ಸುತ್ತಲಿನದನ್ನು ಗಮನಿಸುವುದು, ಗಮನಿಸಿದ್ದರ ಅರ್ಥ ತಿಳಿಯುವುದು, ಮುಂದೆ ಏನಾದೀತೆಂದು ಊಹಿಸುವುದು. ಇಂಧನದ ಮುಳ್ಳು ಕಾಲುಭಾಗದಲ್ಲಿದೆ ಎಂದು ನೋಡುವುದು ಮೊದಲನೆಯದು. ಎದುರುಗಾಳಿ ಇರುವುದರಿಂದ ಇದು ಸಾಲದು ಎಂದು ಅರಿಯುವುದು ಎರಡನೆಯದು. ಅರ್ಧ ಗಂಟೆಯಲ್ಲಿ ತೊಂದರೆಯಾಗುತ್ತದೆ, ಈಗಲೇ ಹತ್ತಿರದ ಮೈದಾನದತ್ತ ತಿರುಗಬೇಕು ಎಂಬುದು ಮೂರನೆಯದು. ಮೊದಲ ಮೆಟ್ಟಿಲಿನಲ್ಲೇ ಎಡವಿದರೆ ದೊಡ್ಡ ವಿಮಾನವೂ ಉಳಿಯುವುದಿಲ್ಲ. 1972ರ ಡಿಸೆಂಬರಿನಲ್ಲಿ ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸಿನ ಟ್ರೈಸ್ಟಾರ್ ವಿಮಾನದ ಸಿಬ್ಬಂದಿಯೆಲ್ಲ, ಉರಿಯದ ಒಂದು ಪುಟ್ಟ ಬಲ್ಬಿನ ಚಿಂತೆಯಲ್ಲಿ ಮುಳುಗಿದ್ದಾಗ ವಿಮಾನ ಮೆಲ್ಲಗೆ ಇಳಿಯುತ್ತ ಜೌಗುನೆಲಕ್ಕೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತರು. 'ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು' ಎಂಬುದು ಎಲ್ಲ ಹಾರಾಟದ ಶಾಲೆಗಳ ಬಾಲಪಾಠ.

ಹೊಸ ಶತಮಾನದಲ್ಲಿ ಸಣ್ಣ ವಿಮಾನಗಳಿಗೂ ಮುಳ್ಳಿನ ಬದಲು ಬಣ್ಣದ ಪರದೆಗಳು ಬಂದವು. ನಕ್ಷೆ, ಹವಾಮಾನ, ಬೆಟ್ಟ ಎಲ್ಲವೂ ಅದರಲ್ಲೇ ಮೂಡುತ್ತವೆ. ಇನ್ನು ದಿಗ್ಭ್ರಮೆಗೆ ಎಡೆಯೆಲ್ಲಿ ಎನಿಸುವುದು ಸಹಜ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2002ರಿಂದ 2006ರವರೆಗೆ ತಯಾರಾದ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಹೋಲಿಸಿ 2010ರಲ್ಲಿ ವರದಿ ನೀಡಿತು. ಪರದೆಯುಳ್ಳ ವಿಮಾನಗಳಲ್ಲಿ ಒಟ್ಟು ಅಪಘಾತಗಳ ಪ್ರಮಾಣ ಕಡಿಮೆಯಿತ್ತು, ಜೀವಹಾನಿಯ ಅಪಘಾತಗಳ ಪ್ರಮಾಣ ಹೆಚ್ಚಿತ್ತು. ಹೊಸ ಉಪಕರಣ ಬಂದರಷ್ಟೇ ಸಾಲದು, ಅದಕ್ಕೆ ತಕ್ಕ ತರಬೇತಿಯೂ ಬೇಕು ಎಂದು ಮಂಡಳಿ ಹೇಳಿತು. 1959ರ ಹೊಲದಲ್ಲಿ ಸಿಕ್ಕ ಪಾಠ ಅದೇ ಅಲ್ಲವೇ?

ಬಳ್ಳಾರಿಯಿಂದ ಬೆಂಗಳೂರಿಗೆ

ಈ ಚರಿತ್ರೆಗೆ ಕನ್ನಡ ನೆಲದ ನಂಟೂ ಇದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದಾಗ, ಅಲ್ಲಿಂದ ಮುಂದೆ ಅದನ್ನು ಒಯ್ದದ್ದು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮದರಾಸಿನ ಆ ದಾರಿಯಲ್ಲಿ ತಂಗುದಾಣವಾದದ್ದು ಬಳ್ಳಾರಿ. ದಾರಿ ತೋರುವ ರೇಡಿಯೊ ಇಲ್ಲ, ನೆಲದಿಂದ ನೆರವಿಲ್ಲ. ಹಳಿ, ಹೊಳೆ, ಬೆಟ್ಟಗಳನ್ನು ಗುರುತು ಹಿಡಿದು ಹಾರಬೇಕು. ಮುಂಗಾರಿನಲ್ಲಿ ಜುಹುವಿನ ಮೈದಾನ ಕೆಸರಾಗುತ್ತಿದ್ದುದರಿಂದ ವಿಮಾನಗಳು ಪುಣೆಗೆ ಹೋಗುತ್ತಿದ್ದವು.

ಸೋಜಿಗವೆಂದರೆ ಸರಿಯಾಗಿ ಐವತ್ತು ವರ್ಷಗಳ ಬಳಿಕ, 1982ರ ಅಕ್ಟೋಬರ್ 15ರಂದು, 78ರ ಇಳಿವಯಸ್ಸಿನಲ್ಲಿ ಟಾಟಾ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿದರು. 1929ರಲ್ಲಿ ಭಾರತದಲ್ಲಿ ಮೊದಲ ಪೈಲಟ್ ಲೈಸೆನ್ಸ್ ಪಡೆದಿದ್ದರೂ, ಆ ಹಳೆಯ ಕಾಗದವೊಂದೇ ಐವತ್ತಮೂರು ವರ್ಷಗಳ ಬಳಿಕ ಯಾರನ್ನೂ ಆಕಾಶದಲ್ಲಿ ಹಿಡಿದು ನಿಲ್ಲಿಸುವುದಿಲ್ಲ.

ಕಿವಿಯ ಸುಳ್ಳನ್ನು ಭಾರತದ ಪೈಲಟ್‌ಗಳಿಗೆ ತೋರಿಸಿಕೊಡುವ ಜಾಗವೂ ಬೆಂಗಳೂರಿನಲ್ಲೇ ಇದೆ. 1957ರಲ್ಲಿ ವೈಮಾನಿಕ ವೈದ್ಯಕೀಯ ಶಾಲೆಯಾಗಿ ಆರಂಭಗೊಂಡ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ದಿಗ್ಭ್ರಮೆಯನ್ನು ನೆಲದ ಮೇಲೆಯೇ ಉಂಟುಮಾಡುವ ಯಂತ್ರಗಳಿವೆ. ಗಗನಯಾನಕ್ಕೆ ಆಯ್ಕೆಯಾದ ವೈಮಾನಿಕರೂ ಈ ಸಂಸ್ಥೆಯ ಪರೀಕ್ಷೆಗಳನ್ನು ಹಾದು ಹೋದವರು. ಎಷ್ಟೇ ಪುಸ್ತಕ ಓದಿದ್ದರೂ, ತನ್ನ ಮೈ ತನಗೇ ಸುಳ್ಳು ಹೇಳಬಲ್ಲದು ಎಂಬುದನ್ನು ಮನುಷ್ಯ ಒಮ್ಮೆ ಅನುಭವಿಸಿಯೇ ನಂಬಬೇಕು. ಕ್ರಿಸ್ಸಿ ಫೀಲ್ಡಿನ ಕುರ್ಚಿಯಲ್ಲಿ ಆಕರ್ ಕಲಿತದ್ದನ್ನು ಪ್ರತಿಯೊಬ್ಬ ಪೈಲಟ್ ತಾನೇ ಕುಳಿತು ಕಲಿಯಬೇಕು, ಕಲಿತದ್ದನ್ನು ಆಗಾಗ ಮತ್ತೆ ಕಲಿಯಬೇಕು.

ಆ ಪಾಠ ಕಲಿತ ಪೈಲಟ್, ಮುಂದೆ ಕಪ್ಪು ಮೋಡ ಕಂಡಾಗ ಎರಡರಲ್ಲಿ ಒಂದು ಕೆಲಸ ಮಾಡುತ್ತಾನೆ. ತಾಲೀಮು ಹೊಸದಾಗಿದ್ದರೆ ಮುಳ್ಳು ನೋಡಿಕೊಂಡು ದಾಟುತ್ತಾನೆ. ಹಳೆಯದಾಗಿದ್ದರೆ ಬಂದ ದಾರಿಗೆ ತಿರುಗಿ, ಮನೆಯವರಿಗೆ ಫೋನು ಮಾಡಿ, ನಾಳೆ ಬರುತ್ತೇನೆ ಎನ್ನುತ್ತಾನೆ. ಎರಡನೆಯದಕ್ಕೂ ಪರಿಣತಿ ಎಂದೇ ಹೆಸರು.